ಫಿನ್‌ಲೆಂಡ್–ಸ್ವೀಡನ್ ಕಾಗದದ ರಫ್ತು ಹೋಲಿಸುವುದು ಹೇಗೆ? ಗೊತ್ತಿದ್ದವರು ತಿಳಿಸಿ

ಪ್ರಶ್ನೆ: ಎಂ.ಎ. ಕಿರುಪ್ರಬಂಧಕ್ಕೆ ಈ ಎರಡು ದೇಶಗಳ ಕಾಗದ ಮತ್ತು ರಟ್ಟಿನ ರಫ್ತನ್ನು 1990ರಿಂದ ಈಚೆಗೆ ಹೋಲಿಸಬೇಕು. ವಿಶ್ವಸಂಸ್ಥೆಯ ವ್ಯಾಪಾರ ದತ್ತಾಂಶ ತಾಣ ಯುಎನ್ ಕಾಮ್‌ಟ್ರೇಡ್‌ನಿಂದ, ಸರಕುಗಳ ಅಂತರರಾಷ್ಟ್ರೀಯ ಸಂಕೇತ ಪಟ್ಟಿಯಾದ ಎಚ್‌ಎಸ್‌ನ 48ನೇ (ಕಾಗದದ) ಅಧ್ಯಾಯದ ಡಾಲರ್ ಮೊತ್ತ ಇಳಿಸಿಕೊಂಡೆ. ನಕ್ಷೆಯ ಗೆರೆಗಳು ಏರುತ್ತವೆ, ಇಳಿಯುತ್ತವೆ, ಕಾರಣ ತಿಳಿಯುತ್ತಿಲ್ಲ.

ಉತ್ತರ 1: ಮೊದಲು ಡಾಲರ್ ಬಿಡಿ, ಟನ್ ಹಿಡಿಯಿರಿ. 2014ರಲ್ಲಿ ಯೂರೋಗೆ ಸರಾಸರಿ 1.33 ಡಾಲರ್ ಇತ್ತು, 2015ರಲ್ಲಿ 1.11. ಸಾಗಿಸಿದ ಮಾಲು, ಯೂರೋ ಬೆಲೆ ಎರಡೂ ಹಾಗೇ ಇದ್ದರೂ ಗೆರೆ ಶೇ 16ರಷ್ಟು ಕುಸಿಯುತ್ತದೆ. ಸ್ವೀಡನ್‌ನದು ಕ್ರೋನಾ, ಅದರ ಲೆಕ್ಕವೇ ಬೇರೆ. ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ದತ್ತಾಂಶದಲ್ಲಿ 1961ರಿಂದ ಟನ್ ಲೆಕ್ಕ ಸಿಗುತ್ತದೆ. ಆದರೆ ಅದರ ‘ಕಾಗದ ಮತ್ತು ರಟ್ಟು’ ಮೊತ್ತದಲ್ಲಿ ಪೆಟ್ಟಿಗೆ, ಕಾರ್ಟನ್‌ಗಳಂಥ ಸಿದ್ಧ ವಸ್ತುಗಳಿಲ್ಲ. ಎಚ್‌ಎಸ್ 48ರಲ್ಲಿ ಪೆಟ್ಟಿಗೆ (4819), ನೋಟ್‌ಬುಕ್ಕು (4820) ಎಲ್ಲ ಇವೆ. ಎರಡನ್ನೂ ಒಂದೇ ಗೆರೆಗೆ ಜೋಡಿಸಬೇಡಿ.

ಉತ್ತರ 2: ಅಧ್ಯಾಯದ ಒಟ್ಟು ಮೊತ್ತದಿಂದ ಏನೂ ತಿಳಿಯುವುದಿಲ್ಲ, ಒಡೆದು ನೋಡಿ. ನ್ಯೂಸ್‌ಪ್ರಿಂಟ್ 4801, ಲೇಪವಿಲ್ಲದ ಬರಹ-ಮುದ್ರಣ ಕಾಗದ 4802, ಕ್ರಾಫ್ಟ್ (ಪ್ಯಾಕಿಂಗ್‌ಗೆ ಬಳಸುವ ಗಟ್ಟಿ ಕಾಗದ) 4804, ಬಿಳಿಮಣ್ಣಿನ ಲೇಪದ್ದು 4810, ಪ್ಲಾಸ್ಟಿಕ್ ಲೇಪದ್ದು 4811. ಹಾಲಿನ ಪ್ಯಾಕೆಟ್ಟಿನ ರಟ್ಟು ಹೆಚ್ಚಾಗಿ ಈ ಕೊನೆಯದರಲ್ಲಿ ಸಿಗುತ್ತದೆ. 4810 ಮೋಸ ಮಾಡುತ್ತದೆ: ಸಾಯುತ್ತಿರುವ ಮ್ಯಾಗಜೀನ್ ಕಾಗದವೂ ಬೆಳೆಯುತ್ತಿರುವ ಪೆಟ್ಟಿಗೆ ರಟ್ಟೂ ಅದರಲ್ಲೇ ಇವೆ. ಅಲ್ಲಿ ಆರಂಕಿ ಸಂಕೇತಕ್ಕೆ ಇಳಿಯಲೇಬೇಕು. ಎಚ್‌ಎಸ್‌ನ 2002ರ ಪರಿಷ್ಕರಣೆಯಲ್ಲಿ ಹಗುರ ಲೇಪಿತ ಕಾಗದ 481021ರಿಂದ 481022ಕ್ಕೂ ಬಹುಪದರ ರಟ್ಟು 481091ರಿಂದ 481092ಕ್ಕೂ ಹೋಯಿತು. ಇದನ್ನು ಜೋಡಿಸದಿದ್ದರೆ ಒಂದು ಸರಕು ಸತ್ತು ಇನ್ನೊಂದು ಹುಟ್ಟಿದಂತೆ ಕಾಣುತ್ತದೆ.

ಇಷ್ಟು ಒಡೆದ ಮೇಲೆ ಕಾರ್ಖಾನೆಗಳ ಕಥೆ ಅಂಕಿಗಳಲ್ಲೇ ಓದಬಹುದು. ಸ್ಟೋರಾ ಎನ್ಸೋ ಕಂಪನಿಗೆ ಸೇರಿದ ಫಿನ್‌ಲೆಂಡ್‌ನ ಔಲು ಕಾರ್ಖಾನೆ 2020ರಲ್ಲಿ ಲೇಪಿತ ಕಾಗದ ನಿಲ್ಲಿಸಿ 2021ರಲ್ಲಿ ಕ್ರಾಫ್ಟ್‌ಲೈನರ್ (ಪೆಟ್ಟಿಗೆಯ ಹೊರಪದರದ ಕ್ರಾಫ್ಟ್) ಶುರುಮಾಡಿತು, ಅಂದರೆ 4810ರಿಂದ 4804ಕ್ಕೆ. ಯುಪಿಎಂ ಕಂಪನಿಯ ಕೈಪೋಲಾ ಕಾರ್ಖಾನೆ 2020ರ ಕೊನೆಗೆ ಮುಚ್ಚಿದಾಗ ಫಿನ್‌ಲೆಂಡ್‌ನಲ್ಲಿ ನ್ಯೂಸ್‌ಪ್ರಿಂಟ್ ತಯಾರಿಕೆಯೇ ನಿಂತಿತು. ಸ್ವೀಡನ್‌ನಲ್ಲೂ 2021ರಲ್ಲಿ ಕ್ವಾರ್ನ್‌ಸ್ವೇಡನ್ ಕಾಗದ ಕಾರ್ಖಾನೆ ಮುಚ್ಚಿತು. ಆದರೂ ಫಿನ್‌ಲೆಂಡ್‌ನ ಇಳಿತ ಕಡಿದಾಗಿರಲು ಕಾರಣ, ನನ್ನ ಪ್ರಕಾರ, ಅದು ಮುದ್ರಣ ಕಾಗದವನ್ನೇ ಹೆಚ್ಚು ನೆಚ್ಚಿಕೊಂಡಿದ್ದದ್ದು.

ಉತ್ತರ 3: ಆಧಾರ ವರ್ಷದ ಬಗ್ಗೆ ಜೋಪಾನ. 2005 ಬೇಡವೇ ಬೇಡ: ಆ ವರ್ಷ ಮೇ–ಜೂನ್‌ನಲ್ಲಿ ಫಿನ್‌ಲೆಂಡ್‌ನ ಕಾಗದ ಕಾರ್ಖಾನೆಗಳು ಲಾಕೌಟ್‌ನಲ್ಲಿದ್ದವು. 2022 ಕೂಡ ಬೇಡ. ಯುಪಿಎಂ ಮುಷ್ಕರ ಜನವರಿ 1ರಿಂದ ಏಪ್ರಿಲ್ 22ರವರೆಗೆ ನಡೆಯಿತು, ಮೇಲಾಗಿ ಬೆಲೆ ಏರಿತ್ತು. ಟನ್ ಮತ್ತು ಹಣ ಬೇರೆ ಬೇರೆ ದಿಕ್ಕು ತೋರಿಸುತ್ತವೆ. 1998–2000ರ ಸರಾಸರಿಯನ್ನು 100 ಎಂದಿಟ್ಟುಕೊಳ್ಳಿ.

ಇನ್ನೊಂದು: 1995ರಲ್ಲಿ ಎರಡೂ ದೇಶ ಯುರೋಪಿಯನ್ ಒಕ್ಕೂಟ ಸೇರಿದವು. ಅಲ್ಲಿಂದ ಒಕ್ಕೂಟದೊಳಗಿನ ವ್ಯಾಪಾರದ ಲೆಕ್ಕ ಕಸ್ಟಮ್ಸ್ ಪತ್ರಗಳಿಂದಲ್ಲ, ಕಂಪನಿಗಳು ಕೊಡುವ ಮಾಸಿಕ ವರದಿಗಳಿಂದ ಬರುತ್ತದೆ. ನಕ್ಷೆಯಲ್ಲಿ 1994–95ರ ನಡುವೆ ಗೆರೆ ಕತ್ತರಿಸಿ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಜರ್ಮನಿ ತೋರಿಸುವ ಆಮದು, ಫಿನ್‌ಲೆಂಡ್ ತೋರಿಸುವ ರಫ್ತಿಗೆ ತಾಳೆಯಾಗುತ್ತಿಲ್ಲ. ಪಲ್ಪ್ (ಕಾಗದದ ತಿರುಳು) ಸೇರಿಸಬೇಕೇ?

ಉತ್ತರ 1: ಪೂರ್ತಿ ತಾಳೆಯಾಗುವುದಿಲ್ಲ. ರಫ್ತಿನ ಬೆಲೆ ಎಫ್‌ಒಬಿ, ಅಂದರೆ ಹೊರಡುವ ಜಾಗದ ಬೆಲೆ. ಆಮದಿನದು ಸಿಐಎಫ್, ಅದರಲ್ಲಿ ಸಾಗಣೆ, ವಿಮೆ ಸೇರಿರುತ್ತದೆ. ತೂಕ ಹೋಲಿಸಿ. ಕಾಮ್‌ಟ್ರೇಡ್‌ನಲ್ಲಿ ಕೆಲವು ತೂಕಗಳು ಅಂದಾಜು ಮಾಡಿದವು, ಆ ಗುರುತು ನೋಡಿಕೊಳ್ಳಿ. ಪಲ್ಪ್ (ಅಧ್ಯಾಯ 47) ಕೂಡಿಸಬೇಡಿ, ಪಕ್ಕದಲ್ಲಿ ಇಡಿ. 2017ರಲ್ಲಿ ಶುರುವಾದ, ಫಿನ್‌ಲೆಂಡ್‌ನ ಆನೆಕೊಸ್ಕಿ ಪಲ್ಪ್ ಕಾರ್ಖಾನೆಯೊಂದರ ಸಾಮರ್ಥ್ಯವೇ ವರ್ಷಕ್ಕೆ 13 ಲಕ್ಷ ಟನ್. ಕಾಗದದ ಗೆರೆ ಮಾತ್ರ ನೋಡಿದರೆ ಅದು ನಿಮಗೆ ಕಾಣುವುದೇ ಇಲ್ಲ.