ಸ್ವಂತ ಓಎಸ್‌ಗೆ ಫ್ರೀಟೈಪ್, ಹಾರ್ಫ್‌ಬಜ್ ಪೋರ್ಟ್: ದೊಡ್ಡ ಅಕ್ಷರಕ್ಕೆ ಕ್ರ್ಯಾಶ್, ಒತ್ತಕ್ಷರ ಬಿಡಿಬಿಡಿ

ಪ್ರಶ್ನೆ

ನಮಸ್ಕಾರ. ಸೊನ್ನೆಯಿಂದ ಕಟ್ಟಿದ 64-ಬಿಟ್ ಎಕ್ಸ್86 ಓಎಸ್ ಇದು. ಸಿ ಲೈಬ್ರರಿಯೂ ಸ್ವಂತದ್ದೇ. ಥ್ರೆಡ್ ಲೈಬ್ರರಿ ಪಿಥ್ರೆಡ್ ಇಲ್ಲ, ಸಿ++ ರನ್‌ಟೈಮ್ ಇಲ್ಲ. ಸ್ಕ್ರೀನ್ 1366×768, ಪಿಕ್ಸೆಲ್‌ಗೆ 32 ಬಿಟ್. ಫಾಂಟ್‌ನಿಂದ ಅಕ್ಷರದ ಚಿತ್ರ ಬಿಡಿಸುವ ಫ್ರೀಟೈಪ್ ಲೈಬ್ರರಿ ಕ್ರಾಸ್ ಕಂಪೈಲ್ ಆಗಿದೆ, ಲಿಂಕ್ ಕೂಡ ಆಗಿದೆ. ಆದರೆ ಅಕ್ಷರಗಳು ಮೇಲಿನಿಂದ ಕೆಳಕ್ಕೆ ಬರುತ್ತ ಎಡಕ್ಕೆ ಜಾರಿ ಚೂರುಚೂರಾಗಿ ಕಾಣುತ್ತವೆ. 16 ಪಿಕ್ಸೆಲ್‌ನಲ್ಲಿ ಏನೂ ತೊಂದರೆ ಕೊಡದ ಪ್ರೋಗ್ರಾಂ 200 ಪಿಕ್ಸೆಲ್‌ನ ‘ಣ’ ಬಿಡಿಸುವಾಗ ಕ್ರ್ಯಾಶ್ ಆಗುತ್ತದೆ, ಅದೂ ಕಂಪೈಲರ್‌ನ ಓ2 ಆಪ್ಟಿಮೈಸೇಶನ್ ಇದ್ದಾಗ ಮಾತ್ರ. ‘ಸ್ತ್ರೀ’ ಬರೆಸಿದರೆ ಸ, ತ, ರ ಬೇರೆ ಬೇರೆಯಾಗಿ ಬಂದು ನಡುವೆ ಹಲಂತ ತೇಲುತ್ತದೆ. ಅದಕ್ಕೆಂದು ಅಕ್ಷರ ಕೂಡಿಸುವ (ಶೇಪಿಂಗ್) ಲೈಬ್ರರಿ ಹಾರ್ಫ್‌ಬಜ್ ಸೇರಿಸಿದರೆ ಮ್ಯೂಟೆಕ್ಸ್, ಗಾರ್ಡ್ ಅಕ್ವೈರ್ ಸಿಗುತ್ತಿಲ್ಲ ಎಂದು ಲಿಂಕರ್ ನಿಲ್ಲಿಸಿಬಿಡುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1

ಜಾರುವುದು ಫ್ರೀಟೈಪ್‌ನ ತಪ್ಪಲ್ಲ. 1366 ಪಿಕ್ಸೆಲ್‌ಗೆ 5464 ಬೈಟ್ ಆಗುತ್ತದೆ, ಆದರೆ ಎಷ್ಟೋ ಹಾರ್ಡ್‌ವೇರ್ ಒಂದೊಂದು ಸಾಲನ್ನೂ 64ರ ಗುಣಕಕ್ಕೆ ಏರಿಸಿ 5504 ಬೈಟ್ ಇಡುತ್ತದೆ. ನೀವು ಅಗಲವನ್ನು 4ರಿಂದ ಗುಣಿಸಿ ಮುಂದಿನ ಸಾಲಿಗೆ ಹೋಗುತ್ತಿದ್ದರೆ ಪ್ರತಿ ಸಾಲಿಗೂ 40 ಬೈಟ್, ಅಂದರೆ 10 ಪಿಕ್ಸೆಲ್, ಎಡಕ್ಕೆ ಸರಿಯುತ್ತೀರಿ. ಬೂಟ್‌ಲೋಡರ್ ಕೊಟ್ಟ ಪಿಚ್ (ಒಂದು ಸಾಲಿಗೆ ನಿಜವಾಗಿ ಹಿಡಿಯುವ ಬೈಟ್) ಮೌಲ್ಯವನ್ನೇ ಬಳಸಿ. ಫ್ರೀಟೈಪ್‌ನ ಬಿಟ್‌ಮ್ಯಾಪ್ ಓದುವಾಗಲೂ ಅಗಲ ನಂಬಬೇಡಿ, ಅದರ ಪಿಚ್ ನೋಡಿ.

ಕ್ರ್ಯಾಶ್ ವಿಷಯ ಇನ್ನೂ ಮುಖ್ಯ. ಫ್ರೀಟೈಪ್‌ನ ನುಣುಪು ರಾಸ್ಟರೈಸರ್ (ಅಕ್ಷರದ ರೇಖೆಗಳನ್ನು ಪಿಕ್ಸೆಲ್ ಮಾಡುವ ಭಾಗ) 16384 ಬೈಟ್‌ನ ಪೂಲ್ ಇಟ್ಟುಕೊಂಡು ಅದರಲ್ಲಿ ಕೋಶಗಳನ್ನು ತುಂಬುತ್ತದೆ. 64-ಬಿಟ್‌ನಲ್ಲಿ ಕೋಶಕ್ಕೆ 24 ಬೈಟ್, ಹಾಗಾಗಿ 680ರ ಆಸುಪಾಸು ಕೋಶ ಮಾತ್ರ ಹಿಡಿಯುತ್ತವೆ. ಸುತ್ತು ಜಾಸ್ತಿ ಇರುವ ದೊಡ್ಡ ಅಕ್ಷರಕ್ಕೆ ಅಷ್ಟು ಸಾಲದು. ಆಗ ಅದು ಲಾಂಗ್‌ಜಂಪ್ ಹೊಡೆದು, ಅಂದರೆ ಮೊದಲು ಸೆಟ್‌ಜಂಪ್ ಗುರುತಿಟ್ಟ ಜಾಗಕ್ಕೆ ನೇರವಾಗಿ ಹಾರಿ, ಹಿಂದಕ್ಕೆ ಬಂದು, ಪಟ್ಟಿಯನ್ನು ಎರಡಾಗಿ ಸೀಳಿ ಮತ್ತೆ ಬಿಡಿಸುತ್ತದೆ. ಸಣ್ಣ ಅಕ್ಷರದಲ್ಲಿ ಆ ದಾರಿಯೇ ತುಳಿಯುವುದಿಲ್ಲ, ಅದಕ್ಕೇ 16 ಪಿಕ್ಸೆಲ್‌ನಲ್ಲಿ ದೋಷ ಅಡಗಿತ್ತು. ನಿಮ್ಮ ಸೆಟ್‌ಜಂಪ್ ಎಂಟು ಮೌಲ್ಯ ಉಳಿಸಬೇಕು: ಪ್ರೊಸೆಸರ್ ರಿಜಿಸ್ಟರ್‌ಗಳಾದ ಆರ್‌ಬಿಎಕ್ಸ್, ಆರ್‌ಬಿಪಿ, ಆರ್‌ಎಸ್‌ಪಿ, ಆರ್12ರಿಂದ ಆರ್15, ಜೊತೆಗೆ ಹಿಂತಿರುಗುವ ವಿಳಾಸ. ಒಟ್ಟು 64 ಬೈಟ್. ಓ2ನಲ್ಲಿ ಮಾತ್ರ ಬೀಳುವುದು ನೋಡಿದರೆ ಆರ್12–ಆರ್15 ಬಿಟ್ಟುಹೋಗಿರುವ ಸಂಭವವೇ ಹೆಚ್ಚು, ಏಕೆಂದರೆ ಆಪ್ಟಿಮೈಸರ್ ಸ್ಥಳೀಯ ವೇರಿಯಬಲ್‌ಗಳನ್ನು ಅಲ್ಲೇ ಇಡುತ್ತದೆ.

ಇದನ್ನು ಸರಿಪಡಿಸಿದ ಮೇಲೂ ಬಿದ್ದರೆ ಥ್ರೆಡ್‌ನ ಸ್ಟ್ಯಾಕ್ ನೋಡಿ. ಆ ಪೂಲ್ ಇರುವುದು ಸ್ಟ್ಯಾಕ್ ಮೇಲೆಯೇ. 16 ಕೆಬಿ ಸ್ಟ್ಯಾಕ್ ಕೊಟ್ಟಿದ್ದರೆ ಯಾವ ಗಾತ್ರದ ಅಕ್ಷರಕ್ಕೂ ಜಾಗವಿಲ್ಲ. 64 ಕೆಬಿ ಕೊಟ್ಟು ಕೆಳಗೊಂದು ಗಾರ್ಡ್ ಪೇಜ್ (ಮುಟ್ಟಿದರೆ ತಕ್ಷಣ ದೋಷ ತೋರುವ ಪುಟ) ಹಾಕಿ.

ಉತ್ತರ 2

ಮೇಲಿನ ಉತ್ತರ ಸರಿಯಾಗಿದೆ. ಹಾರ್ಫ್‌ಬಜ್ ಬಗ್ಗೆ ಹೇಳುತ್ತೇನೆ.

ಅದು ಸಿ++ನಲ್ಲಿದ್ದರೂ ಪೂರ್ತಿ ಸಿ++ ಲೈಬ್ರರಿ ಕೇಳುವುದಿಲ್ಲ. ಎಲ್ಲ ಕೋಡ್ ಒಳಗೆ ಎಳೆದುಕೊಳ್ಳುವ ಒಂದೇ ಸೋರ್ಸ್ ಫೈಲ್ ಇದೆ, ಅದನ್ನೇ ಕಂಪೈಲ್ ಮಾಡಿ. ಎಕ್ಸೆಪ್ಶನ್, ಆರ್‌ಟಿಟಿಐ, ಥ್ರೆಡ್‌ಸೇಫ್ ಸ್ಟ್ಯಾಟಿಕ್ ಮೂರನ್ನೂ ಕಂಪೈಲರ್ ಫ್ಲ್ಯಾಗ್‌ನಲ್ಲಿ ಆಫ್ ಮಾಡಿದರೆ ಗಾರ್ಡ್ ಅಕ್ವೈರ್ ದೂರು ಹೋಗುತ್ತದೆ. ‘ಎಚ್‌ಬಿ ನೋ ಎಂಟಿ’ ಮ್ಯಾಕ್ರೋ ಹಾಕಿದರೆ ಮ್ಯೂಟೆಕ್ಸ್ ದೂರೂ ಹೋಗುತ್ತದೆ, ಆದರೆ ಆಮೇಲೆ ಎರಡು ಥ್ರೆಡ್‌ಗಳಿಂದ ಒಟ್ಟಿಗೆ ಕರೆಯಬಾರದು. ಒಳಗಿರುವ ಯೂನಿಕೋಡ್ ಕೋಷ್ಟಕವನ್ನು ಮಾತ್ರ, ಗಾತ್ರ ಉಳಿಸುವ ಆಸೆಗೆ ತೆಗೆಯಬೇಡಿ.

ಫ್ರೀಟೈಪ್ ಮತ್ತು ಹಾರ್ಫ್‌ಬಜ್ ಒಂದನ್ನೊಂದು ಕೇಳುತ್ತವೆ. ಮೊದಲು ಹಾರ್ಫ್‌ಬಜ್ ಇಲ್ಲದ ಫ್ರೀಟೈಪ್ ಕಟ್ಟಿ, ಅದರ ಮೇಲೆ ಹಾರ್ಫ್‌ಬಜ್ ಕಟ್ಟಿ. ನಿಮ್ಮ ಕೆಲಸಕ್ಕೆ ಅಷ್ಟೇ ಸಾಕು.

‘ಸ್ತ್ರೀ’ಯಲ್ಲಿ ಆರು ಕೋಡ್‌ಪಾಯಿಂಟ್, ಯುಟಿಎಫ್-8ನಲ್ಲಿ 18 ಬೈಟ್. ಒಂದೊಂದನ್ನೂ ಫ್ರೀಟೈಪ್‌ನ ಲೋಡ್ ಕ್ಯಾರ್‌ಗೆ ಕೊಟ್ಟರೆ, ಒತ್ತಕ್ಷರ ಕೂಡಿಸುವ ನಿಯಮಗಳಿರುವ ಫಾಂಟ್‌ನ ಜಿಸಬ್ ಕೋಷ್ಟಕವನ್ನು ಯಾರೂ ತೆರೆದೇ ನೋಡುವುದಿಲ್ಲ. ಇಡೀ ಪದವನ್ನು ಹಾರ್ಫ್‌ಬಜ್ ಬಫರ್‌ಗೆ ಹಾಕಿ, ಲಿಪಿ ಕನ್ನಡ, ದಿಕ್ಕು ಎಡದಿಂದ ಬಲಕ್ಕೆ ಎಂದು ಹೇಳಿ ಶೇಪ್ ಮಾಡಿಸಿ. ಹೊರಬರುವುದು ಗ್ಲಿಫ್ (ಫಾಂಟ್‌ನೊಳಗಿನ ಅಕ್ಷರಚಿತ್ರ) ಸಂಖ್ಯೆ, ಅಕ್ಷರದ ಕೋಡ್ ಅಲ್ಲ. ಆದ್ದರಿಂದ ಇನ್ನು ಮುಂದೆ ಲೋಡ್ ಗ್ಲಿಫ್ ಮಾತ್ರ. ಆಫ್‌ಸೆಟ್‌ಗಳು ಪಿಕ್ಸೆಲ್‌ನ 64ನೇ ಒಂದು ಭಾಗದ ಲೆಕ್ಕದಲ್ಲಿ ಬರುತ್ತವೆ, ವೈ ಅಕ್ಷ ಮೇಲ್ಮುಖ. ನಿಮ್ಮ ಫ್ರೇಮ್‌ಬಫರ್‌ನಲ್ಲಿ ಅದು ಕೆಳಮುಖ, ಕಳೆಯಬೇಕು.

ಪ್ರಶ್ನೆ ಕೇಳಿದವರು

ಆರ್14, ಆರ್15 ಉಳಿಸಿಯೇ ಇರಲಿಲ್ಲ. ಈಗ 200 ಪಿಕ್ಸೆಲ್‌ನ ‘ಣ’ ನಿಂತಿದೆ, ‘ಸ್ತ್ರೀ’ಯೂ ಕೂಡಿಕೊಂಡಿದೆ. ಉಳಿದದ್ದು ಮೂರು: ಸಣ್ಣ ಗಾತ್ರದಲ್ಲಿ ಅಕ್ಷರಗಳ ನಡುವಿನ ಅಂತರ ಏರುಪೇರು, ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ, ‘ರ‍್ಯಾಂಕ್’ ಎಂದು ಬರೆದರೆ ‘ರ್ಯಾಂಕ್’ ಬರುತ್ತದೆ.

ಉತ್ತರ 2

ಅಂತರ: ಹಾರ್ಫ್‌ಬಜ್‌ನ ಫ್ರೀಟೈಪ್ ಸೇತುವೆ ಹಿಂಟಿಂಗ್ (ರೇಖೆಗಳನ್ನು ಪಿಕ್ಸೆಲ್ ಗೆರೆಗೆ ಹೊಂದಿಸುವುದು) ಇಲ್ಲದೆ ಅಳೆಯುತ್ತದೆ, ನೀವು ಹಿಂಟಿಂಗ್ ಇಟ್ಟು ಬಿಡಿಸುತ್ತಿರಬೇಕು. ಎರಡೂ ಕಡೆ ಒಂದೇ ಲೋಡ್ ಫ್ಲ್ಯಾಗ್ ಕೊಡಿ. ಗಾತ್ರ ಬದಲಿಸಿದಾಗಲೆಲ್ಲ ಫಾಂಟ್ ಬದಲಾಯಿತೆಂದು ಹಾರ್ಫ್‌ಬಜ್‌ಗೆ ತಿಳಿಸಲೇಬೇಕು, ಇಲ್ಲದಿದ್ದರೆ ಹಳೆಯ ಅಳತೆಯಲ್ಲೇ ಕೂರಿಸುತ್ತದೆ.

ಬುಡ: ಸಾಲಿನ ಎತ್ತರವನ್ನು ಲ್ಯಾಟಿನ್ ಅಕ್ಷರ ಅಳೆದು ಹಾಕಿದ್ದೀರಿ ಅನಿಸುತ್ತದೆ. ಫಾಂಟ್ ಫೇಸ್‌ನ ಅಸೆಂಡರ್, ಡಿಸೆಂಡರ್ (ಮೇಲಿನ, ಕೆಳಗಿನ ಅಳತೆ) ಬಳಸಿ. ‘ಸ್ತ್ರೀ’ಯಂತೆ ಒತ್ತಿನ ಮೇಲೆ ಒತ್ತು ಬರುವ ಪದದಿಂದಲೇ ಪರೀಕ್ಷೆ ಮಾಡಿ, ‘ಅಮ್ಮ’ ಸಾಲದು.

ರ‍್ಯಾಂಕ್: ರ ಮತ್ತು ಹಲಂತದ ನಡುವೆ ಯು+200ಡಿ, ಅಂದರೆ ಜೆಡ್‌ಡಬ್ಲ್ಯೂಜೆ ಎಂಬ ಕಾಣದ ಅಕ್ಷರ ಇರುತ್ತದೆ. ಅರ್ಕಾವತ್ತು ಬೇಡ, ರ ಪೂರ್ತಿ ಇರಲಿ, ಯ ಒತ್ತಾಗಲಿ ಎನ್ನುವುದು ಅದರ ಸೂಚನೆ. ನಿಮ್ಮ ಟೆಕ್ಸ್ಟ್ ಪದರ ಕಾಣದ ಅಕ್ಷರಗಳನ್ನು ಮೊದಲೇ ಸೋಸಿ ತೆಗೆಯುತ್ತಿದೆ. ಶೇಪಿಂಗ್ ಮುಗಿಯುವವರೆಗೆ ಅದನ್ನು ಮುಟ್ಟಬೇಡಿ. ಆಮೇಲೆ ಅದನ್ನು ಅಡಗಿಸುವ ಕೆಲಸ ಹಾರ್ಫ್‌ಬಜ್ ತಾನೇ ಮಾಡುತ್ತದೆ.