ಹೆರಿಟೆಬಿಲಿಟಿ ಅನ್ನೋದಕ್ಕೆ ಕನ್ನಡದಲ್ಲಿ ಏನ್ ಬರೀತೀರಾ?

ಎಲ್ರಿಗೂ ನಮಸ್ಕಾರ. ಕುಡಿತದ ಚಟ ಇರೋರ ಮನೆಯವರಿಗೆ ಅಂತ ಒಂದು ಸಣ್ಣ ಪುಸ್ತಿಕೆ ಕನ್ನಡಕ್ಕೆ ತರ್ತಾ ಇದೀನಿ, 'ಹೆರಿಟೆಬಿಲಿಟಿ' (ಜನರ ನಡುವಿನ ವ್ಯತ್ಯಾಸಕ್ಕೆ ಜೀನ್ ಎಷ್ಟು ಕಾರಣ ಅನ್ನೋ ಅಳತೆ) ಹತ್ರ ಬಂದು ಸಿಕ್ಕಾಕೊಂಡಿದೀನಿ. 'ಅನುವಂಶೀಯತೆ' ಅಂತ ಹಾಕ್ಬೋದು, ಆದ್ರೆ ಹೆರೆಡಿಟಿಗೂ, ಅಂದ್ರೆ ಅಪ್ಪ-ಅಮ್ಮನಿಂದ ಮಕ್ಕಳಿಗೆ ಗುಣ ಬರೋದಕ್ಕೂ, ಅದನ್ನೇ ಹೇಳ್ತೀವಲ್ಲ, ಇವೆರಡೂ ಒಂದಲ್ಲ.

ಅವಳಿಗಳ ಅಧ್ಯಯನಗಳ ಪ್ರಕಾರ ಮದ್ಯವ್ಯಸನದ ಹೆರಿಟೆಬಿಲಿಟಿ ಸುಮಾರು 50%. ಇದನ್ನ 'ಕುಡಿತ 50% ಅನುವಂಶೀಯ' ಅಂತ ಬರೆದ್ರೆ ಓದೋ ತಾಯಿ ಏನ್ ತಿಳ್ಕೋತಾಳೆ? ಅಪ್ಪ ಕುಡುಕ, ಮಗನೂ ಅರ್ಧಕ್ಕರ್ಧ ಗ್ಯಾರಂಟಿ ಅಂತ. ಹುಟ್ಟುಗುಣ ಸುಟ್ರೂ ಹೋಗಲ್ಲ ಅನ್ನೋ ಗಾದೆ ಬೇರೆ ರೆಡಿ ಇದೆ. ಆ ಅಂಕಿ ಒಬ್ಬ ಮನುಷ್ಯನ ಬಗ್ಗೆ ಹೇಳೋದೇ ಅಲ್ಲ, ಒಂದು ಕಾಲದಲ್ಲಿ ಒಂದು ಜಾಗದಲ್ಲಿ ಜನರ ನಡುವೆ ಇರೋ ವ್ಯತ್ಯಾಸಕ್ಕೆ ಜೀನ್‌ಗಳ ವ್ಯತ್ಯಾಸ ಎಷ್ಟು ಕಾರಣ ಅನ್ನೋ ಲೆಕ್ಕ ಅಷ್ಟೇ, ಕಾಲ ಜಾಗ ಬದಲಾದ್ರೆ ಅಂಕಿನೂ ಬದಲಾಗ್ಬೋದು.

ಜಪಾನ್ ನೋಡಿ. ಅಲ್ಲಿ ತುಂಬಾ ಜನಕ್ಕೆ ಎಎಲ್‌ಡಿಎಚ್2 ಅನ್ನೋ, ದೇಹ ಮದ್ಯ ಅರಗಿಸೋಕೆ ಬೇಕಾದ ಜೀನಿನ ಒಂದು ರೂಪ ಇರುತ್ತೆ, ಸ್ವಲ್ಪ ಕುಡಿದ್ರೂ ಮುಖ ಕೆಂಪಾಗಿ ಎದೆ ಡವಡವ ಅನ್ನುತ್ತೆ, ಹಾಗಾಗಿ ಇಂಥವರು ಚಟಕ್ಕೆ ಬೀಳೋದು ಕಮ್ಮಿ. ಆದ್ರೂ ಅಲ್ಲಿನ ಮದ್ಯವ್ಯಸನಿಗಳಲ್ಲಿ ಆ ರೂಪದ ಒಂದು ಪ್ರತಿ (ಅಪ್ಪ-ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದಿದ್ದು) ಇದ್ದೋರು 1979ರಲ್ಲಿ 2.5% ಇದ್ದಿದ್ದು 1986ಕ್ಕೆ 8%, 1992ಕ್ಕೆ 13% ಆಯ್ತು. ಹದಿಮೂರು ವರ್ಷದಲ್ಲಿ ಇಡೀ ದೇಶದ ಜೀನ್ ಬದಲಾಗೋಕೆ ಸಾಧ್ಯ ಇಲ್ಲ, ಬದಲಾಗಿದ್ದು ಕುಡಿಯೋ ರೂಢಿ. ಇದನ್ನ ಪುಸ್ತಿಕೆಯಲ್ಲಿ ಹಾಕ್ಲೇಬೇಕು ಅಂತ ನನ್ನ ಹಠ.

ಇನ್ನು ಎನ್ವಿರಾನ್‌ಮೆಂಟ್‌ಗೆ (ಜೀನ್ ಬಿಟ್ಟು ಉಳಿದ ಕಾರಣಗಳಿಗೆ) ಬಳಸೋ 'ಪರಿಸರ'. ಜೀನ್ ಮತ್ತು ಪರಿಸರ ಅಂದ್ರೆ ನಮ್ಮ ಜನಕ್ಕೆ ಜೂನ್ 5ಕ್ಕೆ ಗಿಡ ನೆಡೋದೇ ಕಣ್ಮುಂದೆ ಬರುತ್ತೆ. 'ಮನೆ ವಾತಾವರಣ ಸರಿಯಿಲ್ಲ' ಅಂತ ಮಾತಲ್ಲಿ ಹೇಳ್ತೀವಿ, ಹಾಗಾಗಿ 'ಬೆಳೆದ ವಾತಾವರಣ' ಒಗ್ಗುತ್ತೆ ಅನ್ಸುತ್ತೆ, ಆದ್ರೆ ಗರ್ಭದಲ್ಲಿ ಆಗಿದ್ದು, ಆಫೀಸಿನ ಪಾರ್ಟಿ, ಬೀದಿಗೊಂದು ಬಾರ್, ಇವೆಲ್ಲ ಅದರೊಳಗೆ ಬರುತ್ತಾ?

ಹೆರಿಟೆಬಿಲಿಟಿಗೆ 'ವಂಶಪಾಲು' ಅಂತ ಒಬ್ರು ಸೂಚಿಸಿದ್ರು, ನಂಗೆ ಅದು ಆಸ್ತಿ ಭಾಗ ಮಾಡ್ದಂಗೆ ಕೇಳ್ಸುತ್ತೆ. ಸದ್ಯಕ್ಕೆ 'ವ್ಯತ್ಯಾಸದಲ್ಲಿ ಜೀನ್ ಪಾಲು' ಅಂತ ಉದ್ದಕ್ಕೇ ಬರೆದಿಟ್ಟಿದೀನಿ. ದನ, ಬೆಳೆ ತಳಿ ಸುಧಾರಣೆ ಮಾಡೋರಿಗೆ ಹೆರಿಟೆಬಿಲಿಟಿ ಹಳೇ ಲೆಕ್ಕ ಅಲ್ವಾ, ಧಾರವಾಡದ ಕೃಷಿ ವಿವಿಯೋರೋ ಬೆಂಗಳೂರಿನ ಕೃಷಿ ವಿವಿ ಜಿಕೆವಿಕೆಯೋರೋ ಯಾರಾದ್ರೂ ಇದ್ರೆ, ರೈತರಿಗೆ ಹೇಳುವಾಗ ನೀವು ಯಾವ ಪದ ಬಳಸ್ತೀರಾ?