ನಿಕೋಟಿನ್ ಗಮ್ ಜಗಿದರೆ ಬಿಕ್ಕಳಿಕೆ, ರಾತ್ರಿ ನಿದ್ದೆಯಿಲ್ಲ: ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ
ದಿನಕ್ಕೆ 15 ಸಿಗರೇಟು, ಎದ್ದ ಹತ್ತೇ ನಿಮಿಷಕ್ಕೆ ಮೊದಲನೆಯದು. ಬಿಟ್ಟು ಇವತ್ತಿಗೆ ಮೂರನೇ ದಿನ. 2 ಮಿ.ಗ್ರಾಂ ಗಮ್ ಜಗಿದರೆ ಗಂಟಲು ಉರಿ, ಬಿಕ್ಕಳಿಕೆ. ಸೇದಬೇಕೆನ್ನುವ ತುಡಿತ ಮಾತ್ರ ಹಾಗೇ ಇದೆ. ನಿದ್ದೆಯೂ ಇಲ್ಲ.

ಉತ್ತರ 1
ಮಾಮೂಲಿ ಚ್ಯೂಯಿಂಗ್ ಗಮ್ ಥರ ಜಗಿಯಬೇಡಿ. ನಿಧಾನಕ್ಕೆ ಜಗಿದು, ಖಾರ ಅಥವಾ ಜುಮ್ಮೆನ್ನುವುದು ಶುರುವಾದ ಕೂಡಲೇ ನಿಲ್ಲಿಸಿ, ಕೆನ್ನೆಗೂ ವಸಡಿಗೂ ಮಧ್ಯೆ ಒತ್ತರಿಸಿಡಿ. ಜುಮ್ಮೆನ್ನುವುದು ಇಳಿದ ಮೇಲೆ ಮತ್ತೆ ನಾಲ್ಕೈದು ಸಲ ಜಗಿದು ಇನ್ನೊಂದು ಪಕ್ಕಕ್ಕಿಡಿ. ಹೀಗೆ ಅರ್ಧ ಗಂಟೆ. ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರಬೇಕು. ಎಂಜಲಿನ ಜೊತೆ ನುಂಗಿದರೆ ಸಿಗುವುದು ಬಿಕ್ಕಳಿಕೆ, ಎದೆಯುರಿ ಅಷ್ಟೇ.

ಎದ್ದ 30 ನಿಮಿಷದೊಳಗೆ ಸೇದುತ್ತಿದ್ದವರಿಗೆ 2 ಸಾಲದು, 4 ಮಿ.ಗ್ರಾಂ ಬೇಕು. ತುಡಿತ ಬರಲೆಂದು ಕಾಯದೆ ಮೊದಲ ಆರು ವಾರ ಒಂದೆರಡು ಗಂಟೆಗೊಂದು ಹಾಕಿಕೊಳ್ಳಿ. ದಿನಕ್ಕೆ 24 ಗಮ್ ಮೀರಬಾರದು.

ಉತ್ತರ 2
ಕಾಫಿ ಎಷ್ಟು ಕುಡಿಯುತ್ತೀರಿ? ಗಮ್ ಹಾಕುವ 15 ನಿಮಿಷ ಮೊದಲಿನಿಂದ, ಅದು ಬಾಯಲ್ಲಿರುವಷ್ಟು ಹೊತ್ತೂ ಕಾಫಿ, ಹಣ್ಣಿನ ರಸ, ಸೋಡಾ ಬೇಡ. ಬಾಯಿ ಆಮ್ಲೀಯವಾದರೆ ನಿಕೋಟಿನ್ ಹೀರಿಕೆ ಕುಸಿಯುತ್ತದೆ. ನಿದ್ದೆಗೂ ಕಾಫಿಗೂ ಸಂಬಂಧವಿದೆ: ಹೊಗೆಯಲ್ಲಿನ ರಾಸಾಯನಿಕಗಳಿಂದ ಪಿತ್ತಜನಕಾಂಗ ಕೆಫೀನನ್ನು ಬೇಗ ಕರಗಿಸುತ್ತಿತ್ತು. ಸೇದುವುದು ನಿಂತರೆ ಅದೇ ಲೋಟ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ಕೈನಡುಕ, ಚಡಪಡಿಕೆ ತರುತ್ತದೆ. ಅರ್ಧಕ್ಕಿಳಿಸಿ, ಮಧ್ಯಾಹ್ನದ ನಂತರ ಬಿಟ್ಟುಬಿಡಿ.

ಉತ್ತರ 3
ಎರಡು-ಮೂರನೇ ದಿನವೇ ಅತಿ ಕಷ್ಟದ್ದು, ದಯವಿಟ್ಟು ಈಗ ಕೈಬಿಡಬೇಡಿ. ಒಂದೊಂದು ತುಡಿತವೂ ಕೆಲವೇ ನಿಮಿಷದ್ದು. ಗಮ್ ಒಂದೇ ಸಾಲದಿದ್ದರೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಜೊತೆಗೂ ಬಳಸಬಹುದು. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು ಮೊದಲು ವೈದ್ಯರನ್ನು ಕೇಳಲೇಬೇಕು.